ಭಾವ ಬಂದರು

ಕನ್ನಡಕದ ಅಂಗಡಿಯವನಿಗೆ ಜನರ ಮುಖ ನೆನಪಿರುವುದಿಲ್ಲ, ನಂಬರು ನೆನಪಿರುತ್ತದೆ. ಬೀದಿಯಲ್ಲಿ ಯಾರಾದರೂ ಎದುರಾಗಿ "ಚೆನ್ನಾಗಿದ್ದೀರಾ?" ಎಂದರೆ ಅವನು ಹಲ್ಲು ಕಿರಿದು ತೊದಲುತ್ತಿದ್ದ. ಅವರು ದಾಟಿ ಹೋದ ಮೇಲೆ ಹೆಂಡತಿಯ ಕಿವಿಯಲ್ಲಿ, "ಎಡಗಣ್ಣು ಎರಡೂವರೆ, ಬಲಗಣ್ಣು ಮೂರು. ಬಹಳ ಒಳ್ಳೇ ಮನುಷ್ಯ" ಎನ್ನುತ್ತಿದ್ದ. ತನ್ನನ್ನು ಎಲ್ಲರೂ ಕಣ್ಣಿನ ಡಾಕ್ಟರು ಎಂದು ಕರೆಯಲಿ ಎಂಬುದು ಅವನ ಆಸೆ. ಬೀದಿಯವರು ನಂಬರಪ್ಪ ಎಂದು ಕರೆದರು. ಅವನೂ ಒಂದಷ್ಟು ದಿನ ಮುಖ ಊದಿಸಿಕೊಂಡು, ಆಮೇಲೆ ಓಗೊಡಲು ಶುರುಮಾಡಿದ.

ಈ ನಂಬರಪ್ಪನಿಗೆ ಜಗತ್ತಿನಲ್ಲಿ ಇದ್ದವನು ಒಬ್ಬನೇ ಭಾವ, ಹೆಂಡತಿಯ ಅಣ್ಣ. ಆ ಭಾವನ ಮುಖವನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಹೆಂಡತಿಯ ಹತ್ತಿರವಿದ್ದ ಒಂದೇ ಒಂದು ಫೋಟೋದಲ್ಲಿ ಭಾವ ಇನ್ನೂ ಚಡ್ಡಿ ಹಾಕುವ ಹುಡುಗ. ಆದರೆ ನಂಬರು ಮಾತ್ರ ಬಾಯಿಪಾಠವಾಗಿತ್ತು: ಎರಡೂ ಕಣ್ಣು ಮೈನಸ್ ಆರೂವರೆ.

ಅದಕ್ಕೊಂದು ಕಾರಣವಿದೆ. ಹತ್ತು ಹನ್ನೊಂದು ವರ್ಷದ ಹಿಂದೆ ಎರಡು ತಾಸಿನಾಚೆಯ ಊರಿನಿಂದ ಒಬ್ಬಳು ಹುಡುಗಿ ಮುರಿದ ಕನ್ನಡಕ ಹಿಡಿದು ರೈಲಿನಲ್ಲಿ ಅವನ ಅಂಗಡಿಗೆ ಬಂದಳು. "ನಮ್ಮಣ್ಣಂದು. ಇದಿಲ್ದೆ ಅವನಿಗೆ ಅಂಗೈ ಕಾಣಲ್ಲ, ಬೇಗ ಮಾಡ್ಕೊಡಿ" ಎಂದಳು. ನಂಬರಪ್ಪ ಕನ್ನಡಕ ನೋಡುವುದನ್ನು ಬಿಟ್ಟು ಅವಳನ್ನು ನೋಡಿದ. ಸಂಜೆಗೆಲ್ಲ ತಯಾರಾದ ಕನ್ನಡಕವನ್ನು ಡ್ರಾಯರಿಗೆ ತಳ್ಳಿ, "ಗಾಜು ಬಂದಿಲ್ಲ, ನಾಳೆ ಬನ್ನಿ" ಎಂದ. ನಾಳೆ ಬಂದಳು. "ಫ್ರೇಮು ಕೂರ್ತಿಲ್ಲ, ನಾಡಿದ್ದು ಬನ್ನಿ" ಎಂದ. ನಾಡಿದ್ದೂ ಬಂದಳು. ಹೀಗೆ ಮಳೆ ಮುಗಿದು ಚಳಿ ಹಿಡಿಯುವವರೆಗೂ ಗಾಜು ಬರಲೇ ಇಲ್ಲ. ಅವಳಿಗೂ ಮೂರನೆಯ ಸಲದಿಂದ ಗಾಜಿನ ವಿಷಯ ಕೇಳುವುದು ಮರೆತು ಹೋಗಿತ್ತು.

ಅತ್ತ ಅಣ್ಣ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ಗುಮಾಸ್ತ. ಕಣ್ಣು ಕಾಣದೆ, ಉತ್ತರಕ್ಕೆ ಹೋಗುವವರಿಗೆ ದಕ್ಷಿಣದ ಟಿಕೆಟ್ ಹರಿದುಕೊಟ್ಟ. ಸಮುದ್ರ ನೋಡಲು ಹೊರಟ ಒಂದು ಸಂಸಾರ ಈಜುವ ಬಟ್ಟೆ ಸಮೇತ ಯಾವುದೋ ಗುಡ್ಡದ ಮೇಲೆ ಇಳಿಯಿತು. ಮೇಲಿನವರು ಕರೆಸಿ ಉಗಿದರು. ಉಗಿಸಿಕೊಂಡು ಮನೆಗೆ ಬಂದ ದಿನವೇ ತಂಗಿ, "ಅಣ್ಣಾ, ನಾನು ಕನ್ನಡಕದವರನ್ನ ಮದುವೆ ಆಗ್ತೀನಿ" ಎಂದಳು. ಅಣ್ಣ ಉರಿದುಬಿದ್ದ. "ನನ್ನ ಕಣ್ಣು ಕಿತ್ತಿಟ್ಕೊಂಡು ತಂಗೀನ ಕದ್ದ ಕಳ್ಳ ಅವನು! ಆ ಮನೆ ಹೊಸ್ತಿಲು ನಾನು ಸತ್ರೂ ತುಳಿಯಲ್ಲ" ಎಂದ.

ತುಳಿಯಲಿಲ್ಲ. ಮದುವೆಗೂ ಬರಲಿಲ್ಲ. ಅಂಚೆಯಲ್ಲಿ ಕಳಿಸಿದ ಕನ್ನಡಕ ಕಟ್ಟು ಬಿಚ್ಚದೆ ವಾಪಸ್ಸು ಬಂದು ಮನೆಯ ಡ್ರಾಯರು ಸೇರಿತು. ಅಪ್ಪ ಅಮ್ಮ ಹೋದಮೇಲೆ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವನು ಅವನೇ ಆದ್ದರಿಂದ ಅವನ ಹಟ ಅವಳಿಗೂ ಬಂದಿತ್ತು. "ಬರೋದಾದ್ರೆ ಅವನೇ ಬರಲಿ. ನಾನ್ಯಾಕೆ ಹೋಗ್ಲಿ?" ಎಂದಳು. ಹಾಗೆಂದವಳು, ಸಂಜೆಯ ರೈಲು ಕೂಗಿದಾಗಲೆಲ್ಲ ಕೈಲಿದ್ದ ಕೆಲಸ ಬಿಟ್ಟು ಕಿಟಕಿಗೆ ಹೋಗಿ ನಿಲ್ಲುತ್ತಿದ್ದಳು. ರೈಲಿನಿಂದ ಇಳಿದವರೆಲ್ಲ ಬೀದಿ ದಾಟಿ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತಿದ್ದಳು. ಅದನ್ನು ನೋಡಿದಾಗ ನಂಬರಪ್ಪ ತನ್ನನ್ನೇ ಬೈದುಕೊಳ್ಳುತ್ತಿದ್ದ. ಅವಳಿಗೆ ಅಣ್ಣನಿಲ್ಲದ ಹಾಗೆ ಮಾಡಿದ್ದು ತಾನು. ಭಾವ ಒಂದೇ ಒಂದು ಸಲ ಈ ಮನೆಗೆ ಬಂದುಬಿಟ್ಟರೆ ಸಾಕು, ಇನ್ನೇನೂ ಬೇಡ ಎಂದುಕೊಳ್ಳುತ್ತಿದ್ದ.

ಬೀದಿಯವರಿಗೆ ಹಾಗೆ ಹೇಳಲಾಗುತ್ತದೆಯೇ? ಮಹಡಿ ಮನೆಯ ಟೀಚರಮ್ಮ, "ನಿಮ್ಮ ಹೆಂಡ್ತಿ ಕಡೆಯವರು ಅಂತ ಒಂದು ನರಪಿಳ್ಳೆ ಬಂದಿದ್ದು ನಾ ಕಾಣೆ" ಎಂದು ಕೆಣಕಿದಾಗ ನಂಬರಪ್ಪ, "ಭಾವನಿಗೆ ಪುರಸೊತ್ತೆಲ್ಲಿ? ರೈಲ್ವೆಯಲ್ಲಿ ದೊಡ್ಡ ಹುದ್ದೆ" ಎಂದುಬಿಟ್ಟ. ಸುಳ್ಳಿಗೆ ಮೇವು ಹಾಕುತ್ತಿರಬೇಕು, ಇಲ್ಲದಿದ್ದರೆ ಸೊರಗುತ್ತದೆ. ಟಿಕೆಟ್ ಗುಮಾಸ್ತನಾಗಿದ್ದ ಭಾವ ನಂಬರಪ್ಪನ ಬಾಯಲ್ಲಿ ಬಡ್ತಿ ಮೇಲೆ ಬಡ್ತಿ ಪಡೆದು, ಈಗ ಅವನ ಸಹಿಯಿಲ್ಲದೆ ಒಂದು ಎಂಜಿನ್ನೂ ಕೂಗುವ ಹಾಗಿರಲಿಲ್ಲ.

ಹೀಗಿರುವಾಗ ಒಂದು ರಾತ್ರಿ ಅಡುಗೆಮನೆಯಲ್ಲಿ ಲೋಟ ಬಿದ್ದ ಸದ್ದಾಯಿತು. ಹೆಂಡತಿಗೆ ಎಚ್ಚರವಾಗಲಿಲ್ಲ; ಗಂಡನ ಗೊರಕೆಗೆ ಹೆದರಿ ಅವಳು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಮಲಗುವವಳು. ಆ ಗೊರಕೆ ಹೊಡೆಯುವವನಿಗೇ ಎಚ್ಚರವಾಯಿತು. ತನ್ನ ಕನ್ನಡಕಕ್ಕೆ ತಡಕಾಡಿದ. ಊರಿಗೆಲ್ಲ ಕನ್ನಡಕ ಕೊಡುವವನಿಗೆ ಅವನದೇ ಸಿಗಲಿಲ್ಲ. ಬರಿಗಣ್ಣಲ್ಲಿ, ಕೈಗೆ ಸಿಕ್ಕಿದ ಕೊಡೆ ಹಿಡಿದುಕೊಂಡು ಹೋಗಿ ಅಡುಗೆಮನೆಯ ದೀಪ ಹಾಕಿದ. ಮಂಜುಮಂಜಾಗಿ ಒಂದು ಆಕಾರ ಕಂಡಿತು. ಕಿಟಕಿ ತೆರೆದಿತ್ತು. ಆಕಾರದ ಕೈಯಲ್ಲಿ ದೊಡ್ಡದೊಂದು ಚೀಲವಿತ್ತು.

"ಯಾ... ಯಾರದು?"

"ಶ್! ನಾನು, ಭಾವ" ಎಂದಿತು ಆಕಾರ.

ಇಲ್ಲಿ ಆ ಕಳ್ಳನ ಕಸುಬಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ. ಅಕ್ಕನ ಗಂಡ ಭಾವ, ಹೆಂಡತಿಯ ಅಣ್ಣ ಭಾವ, ಗಂಡನ ಅಣ್ಣ ಭಾವ, ಸೋದರಮಾವನ ಮಗ ವಯಸ್ಸಿನಲ್ಲಿ ದೊಡ್ಡವನಾದರೆ ಅವನೂ ಭಾವ. ಇವರ ಜೊತೆಗೆ, ಏನು ಸಂಬಂಧವೆಂದು ನೆನಪಾಗದೆ ಸುಮ್ಮನೆ ಭಾವ ಎಂದು ಕರೆಸಿಕೊಳ್ಳುವವರು ಬೇರೆ. ಕತ್ತಲಲ್ಲಿ ಸಿಕ್ಕಿಬಿದ್ದಾಗ "ನಾನು, ಭಾವ" ಎಂದರೆ, ಮನೆಯವನು ಯಾವ ಭಾವ ಎಂದು ಬೆರಳು ಮಡಿಸಿ ಎಣಿಸುವಷ್ಟರಲ್ಲಿ ಕಳ್ಳ ಗೋಡೆ ಹಾರಿರುತ್ತಿದ್ದ. ಈ ಉಪಾಯ ಅವನಿಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಪಾಪ, ಒಬ್ಬನೇ ಭಾವನಿರುವ ಮನೆಗೆ ಅವನು ಈ ಮೊದಲು ಇಳಿದಿರಲಿಲ್ಲ.

ನಂಬರಪ್ಪನ ಕೈಯಿಂದ ಕೊಡೆ ಬಿತ್ತು. "ಭಾವ! ಬಂದ್ರಾ? ಕೊನೆಗೂ ಬಂದ್ರಾ?" ಎಂದು ಓಡಿಹೋಗಿ ತಬ್ಬಿಕೊಂಡ. ಕಳ್ಳನನ್ನು ಅದುವರೆಗೆ ಹಿಡಿದವರಿದ್ದರು, ಬಡಿದವರಿದ್ದರು, ತಬ್ಬಿಕೊಂಡವನು ಇವನೊಬ್ಬನೇ. ಬಿಡಿಸಿಕೊಳ್ಳುವುದು ಹೇಗೆಂದು ಅವನಿಗೆ ಅಭ್ಯಾಸವಿರಲಿಲ್ಲ.

"ಅಲ್ಲಾ, ಕಿಟಕಿಯಿಂದ ಯಾಕೆ ಬಂದ್ರಿ?" ಎಂದು ಕೇಳಿದ ನಂಬರಪ್ಪ ತಾನೇ ತೊಡೆ ತಟ್ಟಿಕೊಂಡ. "ಗೊತ್ತಾಯ್ತು ಬಿಡಿ! ಹೊಸ್ತಿಲು ತುಳಿಯಲ್ಲ ಅಂದಿದ್ರಲ್ಲ. ಮಾತೂ ಉಳೀಬೇಕು, ತಂಗೀನೂ ನೋಡ್ಬೇಕು. ಎಂಥ ಮನುಷ್ಯ ರೀ ನೀವು!"

"ಹೂಂ... ಹಾಗೇ ಅಂದ್ಕೊಳ್ಳಿ. ನಾನಿನ್ನು ಬರ್ತೀನಿ."

"ಬಂದಾಯ್ತಲ್ಲ, ಇನ್ನೆಲ್ಲಿಂದ ಬರ್ತೀರಿ? ಕೂತ್ಕೊಳ್ಳಿ. ಅವಳನ್ನ ಎಬ್ಬಿಸ್ತೀನಿ."

"ಬೇಡ ಬೇಡ! ಮಲಗಿರ್ಲಿ ಪಾಪ" ಎಂದ ಕಳ್ಳ ಗಾಬರಿಯಿಂದ.

ಆ "ಪಾಪ" ಎಂಬ ಎರಡಕ್ಷರ ಕೇಳಿ ನಂಬರಪ್ಪ ಕರಗಿಹೋದ. ಒಡಹುಟ್ಟಿದವನಲ್ಲದೆ ಇನ್ಯಾರು ಹಾಗೆನ್ನುತ್ತಾರೆ? ಅವನು ಭಾವನ ಮುಖದ ಹತ್ತಿರ ಮುಖ ತಂದು ನೋಡಿದ. ಕಂಡದ್ದು ಬರಿಯ ಮೂಗು. "ನಿಮ್ಮ ಕನ್ನಡಕ ಎಲ್ಲಿ?" ಎಂದ.

"ಕನ್ನಡಕಾನಾ? ನಂಗ್ಯಾಕೆ..."

"ಅಯ್ಯೋ! ಇವತ್ತಿಗೂ ಕನ್ನಡಕವಿಲ್ದೆ ಓಡಾಡ್ತಿದ್ದೀರಾ? ಎಲ್ಲಾ ನನ್ನಿಂದ!" ಎಂದು ನಂಬರಪ್ಪ ಹಣೆ ಚಚ್ಚಿಕೊಂಡು, ಡ್ರಾಯರಿನಿಂದ ಆ ಹಳೆಯ ಕನ್ನಡಕ ತಂದು, ಅಂಗಿಯ ತುದಿಯಿಂದ ಒರೆಸಿ, ತನ್ನ ಕೈಯಾರೆ ಕಳ್ಳನ ಕಿವಿಗೆ ಸಿಕ್ಕಿಸಿದ. ಕಳ್ಳನ ಕಣ್ಣು ಹದ್ದಿನ ಕಣ್ಣು. ಅವನ ಬಂಡವಾಳವೇ ಅದು. ಮೈನಸ್ ಆರೂವರೆ ಏರಿದ ತಕ್ಷಣ ಕಿಟಕಿ ಬೆಂಕಿಪೊಟ್ಟಣದಷ್ಟಾಗಿ ಎಲ್ಲೋ ದೂರ ಹೋಯಿತು. ಆದರೂ ಧೈರ್ಯ ಮಾಡಿ ಅದರ ಕಡೆಗೆ ಹಾರಿದ. ಹಾರಿದ್ದು ಪಾತ್ರೆಯ ಕಪಾಟಿಗೆ. ಮೇಲಿನ ಸಾಲು, ಕೆಳಗಿನ ಸಾಲು, ಎಲ್ಲವೂ ಒಟ್ಟಿಗೆ ಉರುಳಿದವು.

ನಂಬರಪ್ಪನಿಗೆ ಈಗ ಒಂದು ಹೆದರಿಕೆ ಹಿಡಿಯಿತು. ಭಾವ ನಾಚಿಕೆಗೋ ಹಟಕ್ಕೋ ತಂಗಿಯ ಮುಖ ನೋಡದೆ ಓಡಿಹೋಗುತ್ತಾರೆ, ಇವತ್ತು ಹೋದರೆ ಮತ್ತೆ ಬರುವುದಿಲ್ಲ. ಅವನು ಮುಂಬಾಗಿಲು ತೆಗೆದು ಬೀದಿಗಿಳಿದು, ಮೂಲೆಯಲ್ಲಿ ಗಸ್ತಿಗೆ ನಿಂತು ತೂಕಡಿಸುತ್ತಿದ್ದ ಹವಾಲ್ದಾರರಿಗೆ ಕೇಳುವಂತೆ ಕೂಗಿದ: "ಹವಾಲ್ದಾರ್ರೇ! ಬೇಗ ಬನ್ನಿ! ನಮ್ಮ ಭಾವ ಓಡಿಹೋಗ್ತಾರೆ, ಹಿಡ್ಕೊಳ್ಳಿ!"

ಹವಾಲ್ದಾರರು ಮೊದಲು ಸೀಟಿ ಊದಿದರು, ಆಮೇಲೆ ಎಚ್ಚೆತ್ತರು. ಸೀಟಿಗೆ ಬೀದಿಯ ದೀಪಗಳೆಲ್ಲ ಹತ್ತಿದವು. ಟೀಚರಮ್ಮ ಟಾರ್ಚು ಹಿಡಿದು ಹಿತ್ತಲ ಕಡೆಯಿಂದ ಬಂದರು. ಎದುರು ಮನೆಯ ಔಷಧಿ ಅಂಗಡಿಯವರು, ಯಾರಿಗೋ ಎದೆನೋವಿರಬೇಕೆಂದು ಮಾತ್ರೆಯ ಡಬ್ಬದ ಸಮೇತ ಓಡಿಬಂದರು. ಕಳ್ಳ ಇತ್ತ ಹೆಣಗಾಡಿ ಕನ್ನಡಕ ತೆಗೆದು ನೋಡುತ್ತಾನೆ, ಕಿಟಕಿಯಲ್ಲಿ ಟಾರ್ಚು, ಬಾಗಿಲಲ್ಲಿ ಪೊಲೀಸು. ಅಭ್ಯಾಸಬಲದಿಂದ ಎರಡೂ ಕೈ ಮೇಲೆತ್ತಿ ನಿಂತ.

"ನೋಡ್ರೀ, ದೊಡ್ಡವರು ಅಂದ್ರೆ ಹೀಗಿರ್ಬೇಕು! ಬಂದೋರಿಗೆಲ್ಲ ಆಶೀರ್ವಾದ ಮಾಡ್ತಿದ್ದಾರೆ" ಎಂದರು ಟೀಚರಮ್ಮ.

"ರೈಲ್ವೆ ಸಾಹೇಬ್ರಾ?" ಎಂದ ಹವಾಲ್ದಾರರು ನೆಟ್ಟಗೆ ನಿಂತು ಸಲ್ಯೂಟ್ ಹೊಡೆದರು. ಕಳ್ಳ ಹಿಂದಿದ್ದ ಕುರ್ಚಿಯ ಮೇಲೆ ತಾನಾಗಿ ಕೂತ. ನಂಬರಪ್ಪ ಮತ್ತೆ ಕನ್ನಡಕ ಏರಿಸಿದ.

ಆಮೇಲೆ ನಡೆದದ್ದು ದರಬಾರು. ಔಷಧಿ ಅಂಗಡಿಯವರು ತಮ್ಮ ಅಳಿಯನಿಗೆ ರೈಲ್ವೆಯಲ್ಲಿ ಒಂದು ಕೆಲಸ ಕೇಳಿದರು. "ಆಯ್ತು" ಎಂದ ಕಳ್ಳ. ಟೀಚರಮ್ಮ, ರಾತ್ರಿ ಗೂಡ್ಸ್ ಗಾಡಿ ಕೂಗುವುದರಿಂದ ತಮಗೆ ನಿದ್ದೆಯಿಲ್ಲ, ಸ್ವಲ್ಪ ಮೆಲ್ಲಗೆ ಕೂಗಲು ಹೇಳಬೇಕು ಎಂದರು. "ನಾಳೇನೇ ಹೇಳ್ತೀನಿ" ಎಂದ. "ಅಷ್ಟು ದೊಡ್ಡ ಕೆಲಸದಲ್ಲಿದ್ದೀರಿ, ತಂಗಿ ಮೇಲೆ ಇಷ್ಟು ವರ್ಷ ಸಿಟ್ಟು ಮಾಡ್ಕೊಂಡು ಕೂತ್ರಲ್ಲ, ಬುದ್ಧಿ ಬೇಡ್ವಾ?" ಎಂದು ಅದೇ ಉಸಿರಿನಲ್ಲಿ ಬೈದರು. "ಬೇಕಿತ್ತು" ಎಂದ ಕಳ್ಳ. ಈ ರಾತ್ರಿ ಹೇಳಿದ್ದಕ್ಕೆಲ್ಲ ಹೂಂಗುಟ್ಟದೆ ಬದುಕಿಲ್ಲವೆಂದು ಅವನಿಗೆ ಮನವರಿಕೆಯಾಗಿತ್ತು.

ಅಷ್ಟರಲ್ಲಿ ಅವನ ಕಾಲಬಳಿಯ ಚೀಲ ಢಣ್ ಢಣ್ ಎಂದಿತು. ಎಲ್ಲರೂ ಬೆಚ್ಚಿಬಿದ್ದರು.

"ಇದೇನು ಭಾವ?"

"ಅದು... ಉಡುಗೊರೆ" ಎಂದ ಕಳ್ಳ ಬೆವರೊರೆಸಿಕೊಳ್ಳುತ್ತ.

ನಂಬರಪ್ಪ ಚೀಲದಿಂದ ಎತ್ತಿದ್ದು ಹಿತ್ತಾಳೆ ಲೋಲಕದ ಒಂದು ಗೋಡೆ ಗಡಿಯಾರ. ಅವಸರದಲ್ಲಿ ಕನ್ನಡಕ ಮರೆತು ಬಂದಿದ್ದ ಔಷಧಿ ಅಂಗಡಿಯವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ತಲೆದೂಗಿದರು. "ನಮ್ಮನೇಲೂ ಥೇಟ್ ಇಂಥದ್ದೇ ಇದೆ ಸಾರ್. ಅಭಿರುಚಿ ಇರೋರ ಕಣ್ಣಿಗೆ ಮಾತ್ರ ಇದು ಬೀಳೋದು."

"ನಿಜ. ನೋಡಿದ ತಕ್ಷಣ ನಂಗೂ ಬಿಡೋಕೆ ಮನಸ್ಸಾಗ್ಲಿಲ್ಲ" ಎಂದ ಕಳ್ಳ ವಿನಯದಿಂದ. ಹವಾಲ್ದಾರರು ಲಾಠಿಯ ಹಿಂಬದಿಯಿಂದ ಮೊಳೆ ಹೊಡೆದು ತಾವೇ ಗಡಿಯಾರವನ್ನು ಗೋಡೆಗೆ ತೂಗುಹಾಕಿದರು.

ಹೆಂಡತಿಯ ತಲೆದೆಸೆಯ ಗೋಡೆಗೇ ಹೊಡೆದ ಆ ಮೊಳೆಯ ಸದ್ದು ಹತ್ತಿಯನ್ನೂ ದಾಟಿ ಹೋಗಿರಬೇಕು. ಒಳಕೋಣೆಯ ಬಾಗಿಲು ತೆರೆಯಿತು. ಹೆಂಡತಿ ಕಿವಿಯಿಂದ ಹತ್ತಿ ತೆಗೆಯುತ್ತ ಬಂದು ನಿಂತಳು.

"ಯಾರು ಬಂದಿದ್ದಾರೆ ನೋಡು!" ಎಂದ ನಂಬರಪ್ಪ. "ನಿಮ್ಮಣ್ಣ ಕಣೇ. ಬಂದ್ಬಿಟ್ರು."

ಅವಳು ಕುರ್ಚಿಯಲ್ಲಿ ಕೂತವನನ್ನು ನೋಡಿದಳು, ಅವನ ಮೂಗಿನ ಮೇಲಿದ್ದ ಕನ್ನಡಕ ನೋಡಿದಳು, ಗೋಡೆ ನೋಡಿದಳು, ಟೀಚರಮ್ಮನನ್ನು, ಹವಾಲ್ದಾರರನ್ನು, ಕೊನೆಗೆ ಗಂಡನನ್ನು ನೋಡಿದಳು. ಕನ್ನಡಕವಿಲ್ಲದ ನಂಬರಪ್ಪನಿಗೆ ಅವಳ ಮುಖ ಸರಿಯಾಗಿ ಕಾಣಲಿಲ್ಲ. ಅವಳಿಗೆ ಅವನದು ಚೆನ್ನಾಗಿ ಕಂಡಿತು. ಅವನ ಕೆನ್ನೆಯೆಲ್ಲ ಒದ್ದೆಯಾಗಿತ್ತು.

"ಬಂದ್ಯಾ ಅಣ್ಣಾ?" ಎಂದಳು.

ಕಳ್ಳ ಎದ್ದು ನಿಂತ.

"ಕೂತ್ಕೋ" ಎಂದಳು. ಅವನು ಕೂತ. "ಇವತ್ತು ಬಂದ್ಯಾ? ದಾರಿ ಸಿಕ್ತಾ? ನನ್ನ ಮದುವೆ ದಿನ ಎಲ್ಲಿಗೆ ಹೋಗಿದ್ದೆ? ಉಂಗುರ ಹಾಕೋ ಹೊತ್ತಿಗೂ ನಾನು ಬಾಗಿಲ ಕಡೆನೇ ನೋಡ್ತಿದ್ದೆ. ಕತ್ತು ನೋವು ಬಂತು, ನೀನು ಬರ್ಲಿಲ್ಲ. ಜ್ವರ ಬಂದು ನಾನು ಸಾಯೋ ಹಾಗಾಗಿದ್ದಾಗ ಬರ್ಲಿಲ್ಲ. ಎರಡು ತಾಸಿನ ದಾರಿ ಅಣ್ಣಾ! ಸೈಕಲ್ ಕಲಿಸ್ವಾಗ ಹಿಂದೆ ಸೀಟು ಹಿಡ್ಕೊಂಡು ಓಡಿಬರ್ತಿದ್ದೆ, ನಾನಿದ್ದೀನಿ ನಾನಿದ್ದೀನಿ ಅಂತ ಕೂಗ್ತಿದ್ದೆ. ಯಾವಾಗ ಕೈಬಿಟ್ಟೆ? ನಂಗೆ ಹೇಳ್ದೆ ಯಾಕೆ ಕೈಬಿಟ್ಟೆ?"

ಔಷಧಿ ಅಂಗಡಿಯವರು ಮಾತ್ರೆಯ ಡಬ್ಬ ನೋಡುತ್ತ ನಿಂತರು. ಅದರಲ್ಲಿ ಇದಕ್ಕೆ ಮಾತ್ರೆಯಿರಲಿಲ್ಲ.

"ತಿಂಗಳಿಗೊಂದು ಸಲ ಫೋನ್ ಮಾಡ್ತೀನಿ" ಎಂದಳು ಅವಳು. ಇದು ನಂಬರಪ್ಪನಿಗೂ ಗೊತ್ತಿರಲಿಲ್ಲ. "ಎತ್ತುತ್ತೀಯ, ನನ್ನ ದನಿ ಕೇಳ್ತೀಯ, ಇಟ್ಟುಬಿಡ್ತೀಯ. ಇಡೋಕೆ ಮುಂಚೆ ಒಂದು ಸಲ ಕೆಮ್ಮುತ್ತೀಯಲ್ಲ, ಆ ಕೆಮ್ಮು ಕೇಳೋಕೇ ನಾನು ಮಾಡೋದು. ಬದುಕಿದ್ದಾನೆ ಅಂದ್ಕೊಂಡು ಹೋಗಿ ಕೆಲಸ ಮಾಡ್ಕೋತೀನಿ. ತಂಗಿ ಅಂದ್ರೆ ಅಷ್ಟೇನಾ? ಒಂದು ಕೆಮ್ಮಿನಷ್ಟೇನಾ?"

ಮುಂಬಾಗಿಲು ಹಾರುಹೊಡೆದಿತ್ತು. ಹವಾಲ್ದಾರರು ಗೋಡೆ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದರು. ಓಡುವವನಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ. ಕಳ್ಳ ಕನ್ನಡಕ ತೆಗೆದ. ಬಾಗಿಲನ್ನು ನೋಡಲಿಲ್ಲ, ಅವಳನ್ನೇ ನೋಡಿದ.

"ತಪ್ಪಾಯ್ತಮ್ಮ" ಎಂದ. "ನಿಂದೇನೂ ತಪ್ಪಿಲ್ಲ. ಬರ್ಬೇಕಿತ್ತು ನಾನು, ಯಾವತ್ತೋ ಬರ್ಬೇಕಿತ್ತು. ಮೊದಲ್ನೇ ವರ್ಷ ಸಿಟ್ಟು. ಆಮೇಲೆ ಸಿಟ್ಟೇನೂ ಇರ್ಲಿಲ್ಲ, ಯಾವ ಮುಖ ಇಟ್ಕೊಂಡು ಹೋಗೋದು ಅಂತ. ಮನೇಲಿ ಹೆಣ್ಣುಮಕ್ಕಳು ಕಾಯ್ತಾರೆ ಅಂತ ಗೊತ್ತಿದ್ದೂ ಬರ್ದೇ ಇರೋರು ಹೀಗೇನೇ ಕಣಮ್ಮ. ತಪ್ಪಾಯ್ತು."

ಅದನ್ನು ಅವನು ಯಾರಿಗೆ ಹೇಳಿದನೋ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಟೀಚರಮ್ಮ ಅವಳಿಗಿಂತ ಜೋರಾಗಿ ಅತ್ತರು.

ಹೊರಡುವಾಗ ಅವನು "ಬರ್ತೀನಮ್ಮ" ಎಂದರೆ ಯಾರೂ ತಡೆಯಲಿಲ್ಲ. ಹಸಿದಿರಬೇಕೆಂದು ಅವಳು ಬ್ರೆಡ್ಡು ಮೊಟ್ಟೆ ಕಟ್ಟಿಕೊಟ್ಟಳು. ಹವಾಲ್ದಾರರು ಬೀದಿ ಮೂಲೆಯವರೆಗೆ ಬಿಟ್ಟುಬಂದು, "ಎಂಥ ಸರಳ ಮನುಷ್ಯ! ಜೀಪೂ ಇಲ್ಲ, ಜವಾನನೂ ಇಲ್ಲ" ಎಂದು ಹೊಗಳಿದರು. ಔಷಧಿ ಅಂಗಡಿಯವರು ಕಣ್ಣೊರೆಸಿಕೊಳ್ಳುತ್ತ ತಮ್ಮ ಮನೆಗೆ ಹೋದರು. ಹೋದವರು, ಅಲ್ಲಿಂದಲೇ ಬೀದಿಗೆಲ್ಲ ಕೇಳುವಂತೆ ಕಿರುಚಿದರು.

"ನಮ್ಮ ಗೋಡೆ ಮೇಲಿನ ಗಡಿಯಾರ ಇಲ್ಲ ರೀ!"

ನಂಬರಪ್ಪನ ಬುದ್ಧಿಗೆ ನಿಧಾನವಾಗಿ ಬೆಳಕು ಬಿತ್ತು. ಅವನು ಗೋಡೆಯ ಹತ್ತಿರ ಹೋಗಿ ಗಡಿಯಾರಕ್ಕೆ ಮೂಗು ತಾಗಿಸಿ ನೋಡಿದ. ಕೆಳಗೆ ಸಣ್ಣ ಅಕ್ಷರದಲ್ಲಿ ಔಷಧಿ ಅಂಗಡಿಯ ಹೆಸರು ಕೆತ್ತಿತ್ತು. ಹವಾಲ್ದಾರರು ಟೋಪಿ ಸರಿಮಾಡಿಕೊಂಡು, ಈಗತಾನೆ ಸಲ್ಯೂಟ್ ಹೊಡೆದು ಕಳಿಸಿದವನನ್ನು ಹಿಡಿಯಲು ಓಡಿದರು. ಟೀಚರಮ್ಮ, "ಕಳ್ಳನಾದ್ರೇನು, ಗೂಡ್ಸ್ ಗಾಡಿ ವಿಷಯ ಎಷ್ಟು ತಾಳ್ಮೆಯಿಂದ ಕೇಳಿದ" ಎನ್ನುತ್ತ ಮೆಟ್ಟಿಲು ಹತ್ತಿದರು.

ಔಷಧಿ ಅಂಗಡಿಯವರು ಬಂದು ಗಡಿಯಾರ ಇಳಿಸಿಕೊಂಡು ಹೋದ ಮೇಲೆ ಗಂಡ ಹೆಂಡತಿ ಇಬ್ಬರೇ ಉಳಿದರು. ನಂಬರಪ್ಪ ನೆಲದ ಮೇಲೆ ಉರುಳಿದ ಪಾತ್ರೆಗಳ ನಡುವೆ ಕೂತುಬಿಟ್ಟ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

"ಅವನು ಕಳ್ಳ ಕಣೇ."

"ಗೊತ್ತು."

"ನಿಮ್ಮಣ್ಣ ಅಲ್ಲ ಅಂತ ನೋಡಿದ ತಕ್ಷಣ ಗೊತ್ತಾಯ್ತಾ?"

"ನಮ್ಮಣ್ಣ ನಂಗೆ ಗೊತ್ತಾಗಲ್ವಾ?"

"ಮತ್ತೆ ಅಣ್ಣಾ ಅಂದ್ಯಲ್ಲ?"

ಅವಳು ಪಾತ್ರೆ ಜೋಡಿಸುತ್ತ ಅವನ ಪಕ್ಕದಲ್ಲಿ ಕೂತಳು. "ನೀವು ಊರಿಗೆಲ್ಲ ಸಾರಿಬಿಟ್ಟಿದ್ರಿ. ನಿಂತು ಮಗು ಥರ ಅಳ್ತಿದ್ರಿ. ಇವರ ಮರ್ಯಾದೆ ಉಳಿಸೋಣ ಅಂತ ಒಂದು ಮಾತು ಅಂದೆ. ಬಾಯಿ ತೆಗೆದ ಮೇಲೆ ನಿಲ್ಲಿಸೋಕೆ ಆಗ್ಲಿಲ್ಲ." ಒಂದು ಪಾತ್ರೆಗೆ ಮುಚ್ಚಳ ಹಾಕಿ ನಕ್ಕಳು. "ತಪ್ಪಾಯ್ತು ಅಂತ ಎಷ್ಟು ಚೆನ್ನಾಗಿ ಅಂದ! ನಮ್ಮಣ್ಣನಿಗೆ ಜನ್ಮದಲ್ಲಿ ಹಾಗೆ ಅನ್ನೋಕೆ ಬರಲ್ಲ."

ನಗು ಅರ್ಧಕ್ಕೇ ನಿಂತಿತು. ನಂಬರಪ್ಪ ಅವಳ ಕೈ ಹಿಡಿದುಕೊಂಡ. ಹೊರಗೆ ಬೆಳಗಿನ ಮೊದಲ ರೈಲಿಗೆ ಹೋಗುವವರು ಒಬ್ಬೊಬ್ಬರಾಗಿ ಬೀದಿ ದಾಟುತ್ತಿದ್ದರು. ಅವಳು ಕೈ ಬಿಡಿಸಿಕೊಂಡು ಎದ್ದು, ಮುಖ ತೊಳೆದು, ತಲೆ ಬಾಚಿಕೊಂಡು, ಚಪ್ಪಲಿ ಹುಡುಕತೊಡಗಿದಳು.

"ಎಲ್ಲಿಗೆ?" ಎಂದ ನಂಬರಪ್ಪ. "ಅವನೇ ಬರಲಿ ಅಂತಿದ್ಯಲ್ಲ?"

"ಅವನು ಬಂದ್ರೆ ಬೈಬೇಕು ಅಂತ ಕಾಯ್ತಿದ್ದೆ" ಎಂದಳು ಅವಳು, ಬಾಗಿಲು ತೆಗೆಯುತ್ತ. "ಬೈಯೋದೆಲ್ಲ ಬೈದಾಯ್ತು. ಇನ್ನು ನೋಡೋದೊಂದೇ ಉಳಿದಿರೋದು."